ಜೋ ಫ್ರೇಜಿಯರ್‌ಗೆ ಅಲಿ ಮೇಲೆ ಅಷ್ಟೊಂದು ಸಿಟ್ಟು ಯಾಕೆ?

ಓದುಗರ ಪ್ರಶ್ನೆ: ಅಮೆರಿಕದ ಬಾಕ್ಸರ್‌ಗಳಾದ ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ರಿಂಗಿನಲ್ಲಿ ಮೂರು ಸಲ ಎದುರುಬದುರಾದರು. ಮೊದಲನೆಯದು ಫ್ರೇಜಿಯರ್‌ಗೆ, ಉಳಿದ ಎರಡು ಅಲಿಗೆ. ಆಟ ಅಂದ ಮೇಲೆ ಸೋಲು ಗೆಲುವು ಇದ್ದದ್ದೇ ಅಲ್ವಾ? ಆದರೂ ಫ್ರೇಜಿಯರ್ ಆಮೇಲೆ ಎಷ್ಟೋ ವರ್ಷ ಅಲಿಯ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದನಂತೆ. ಸೋತಿದ್ದಕ್ಕಾ?

ಉತ್ತರ: ಅಲ್ಲ. ಸೋಲಿಗೂ ಆ ಸಿಟ್ಟಿಗೂ ಸಂಬಂಧ ಕಡಿಮೆ. ತನ್ನ ಕೈ ಖಾಲಿಯಾಗಿದ್ದಾಗ ನೆರವಿಗೆ ಬಂದವನನ್ನೇ ಅಲಿ ನಾಲ್ಕು ಜನರ ಮುಂದೆ ಬಿಳಿಯರ ಬಾಲಬಡುಕ ಅಂದ. ಪೆದ್ದ ಅಂದ, ಗೊರಿಲ್ಲಾ ಅಂದ. ಅದೂ ಒಂದು ಸಲ ಅಲ್ಲ, ಐದು ವರ್ಷ ಬಿಡದೆ ಅಂದ. ಫ್ರೇಜಿಯರ್‌ಗೆ ಆರದೆ ಉಳಿದ ಗಾಯ ಅದು.

ಇಬ್ಬರೂ ಎಲ್ಲಿಂದ ಬಂದವರು ಅಂತ ಗೊತ್ತಾದರೆ ಆ ಮಾತು ಯಾಕೆ ಅಷ್ಟು ಚುಚ್ಚಿತು ಅಂತಲೂ ಗೊತ್ತಾಗುತ್ತದೆ. ಅಲಿ ಹುಟ್ಟಿದ್ದು 1942ರಲ್ಲಿ, ಕೆಂಟಕಿಯ ಲೂಯಿವಿಲ್ ನಗರದಲ್ಲಿ. ಆಗಿನ ಹೆಸರು ಕ್ಯಾಸಿಯಸ್ ಕ್ಲೇ. ಅಪ್ಪ ಬೋರ್ಡು ಬರೆಯುವ ಪೇಂಟರ್. ಶ್ರೀಮಂತರಲ್ಲ, ಆದರೆ ಊಟಕ್ಕೆ ಪರದಾಡುವ ಮನೆಯೂ ಅಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಸೈಕಲ್ ಕಳುವಾಯಿತು. ದೂರು ಹೇಳಲು ಹೋದಾಗ ಸಿಕ್ಕ ಪೊಲೀಸ್ ಜೋ ಮಾರ್ಟಿನ್ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. 'ಕದ್ದವನಿಗೆ ಹೊಡೀತೀನಿ' ಅಂತ ಹಾರಾಡುತ್ತಿದ್ದ ಹುಡುಗನಿಗೆ, ಮೊದಲು ಹೊಡೆಯೋದು ಕಲಿ ಅಂದ. 1960ರಲ್ಲಿ ಆ ಹುಡುಗ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ.

ಫ್ರೇಜಿಯರ್‌ನದು ಬೇರೆಯೇ ಕಥೆ. 1944ರಲ್ಲಿ ಸೌತ್ ಕ್ಯಾರೊಲಿನಾದ ಬ್ಯೂಫೋರ್ಟ್ ಕಡೆಯ ಹಳ್ಳಿಯಲ್ಲಿ, ತುಂಬಿದ ಮನೆಯ ಕಿರಿಯ ಮಗನಾಗಿ ಹುಟ್ಟಿದ. ಅಪ್ಪನಿಗೆ ಎಡಗೈ ಇರಲಿಲ್ಲ. ಹೊಲದ ಕೆಲಸದಲ್ಲಿ ಈ ಪುಟ್ಟ ಮಗನೇ ಅಪ್ಪನ ಎಡಗೈ. ಗೋಣಿಚೀಲಕ್ಕೆ ಚಿಂದಿಬಟ್ಟೆ, ಜೋಳದ ದಿಂಡು, ನಡುವೆ ಒಂದು ಇಟ್ಟಿಗೆ ತುಂಬಿ ಓಕ್ ಮರಕ್ಕೆ ಕಟ್ಟಿದ. ಅದಕ್ಕೆ ಗುದ್ದಿ ಗುದ್ದಿ ಕಲಿತ. ಒಂದು ದಿನ ಹಂದಿ ಅಟ್ಟಿಸಿಕೊಂಡು ಬಂತು. ಓಡುವಾಗ ಬಿದ್ದು ಎಡಗೈಗೆ ಪೆಟ್ಟಾಯಿತು. ಡಾಕ್ಟರ ಹತ್ತಿರ ಹೋಗಲು ದುಡ್ಡಿಲ್ಲ, ತಾನಾಗಿ ವಾಸಿಯಾಯಿತು. ಆದರೆ ಕೈ ಮತ್ತೆ ಪೂರ್ತಿ ನೆಟ್ಟಗಾಗಲೇ ಇಲ್ಲ, ಮೊಣಕೈಯಲ್ಲಿ ಬಾಗಿಯೇ ಉಳಿಯಿತು. ಬಾಕ್ಸಿಂಗ್‌ನಲ್ಲಿ ಹುಕ್ ಅಂದರೆ ಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು. ಜಗತ್ತೇ ಹೆದರಿದ ಫ್ರೇಜಿಯರ್‌ನ ಎಡಗೈ ಹುಕ್ ಬಂದಿದ್ದು ಆ ಸೊಟ್ಟ ಕೈಯಿಂದ.

ಹದಿನೈದಕ್ಕೆ ಬಸ್ ಹತ್ತಿ ಊರು ಬಿಟ್ಟ. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ತೂಗುಹಾಕಿದ ಮಾಂಸದ ತುಂಡುಗಳಿಗೆ ಗುದ್ದಿ ಅಭ್ಯಾಸ ಮಾಡುತ್ತಿದ್ದ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಹೋಗಿದ್ದೂ ಬದಲಿ ಆಟಗಾರನಾಗಿ. ಬಸ್ಟರ್ ಮ್ಯಾಥಿಸ್‌ಗೆ ಕೈ ಪೆಟ್ಟಾಯಿತು ಅಂತ ಇವನಿಗೆ ಜಾಗ ಸಿಕ್ಕಿತು. ಹೆಬ್ಬೆರಳು ಮುರಿದಿದ್ದರೂ ಯಾರಿಗೂ ಹೇಳದೆ ಫೈನಲ್ ಆಡಿ ಚಿನ್ನ ತಂದ.

ಈಗ 1967ಕ್ಕೆ ಬನ್ನಿ. ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲ್ಲ ಅಂತ ಅಲಿ ಹೂಸ್ಟನ್‌ನಲ್ಲಿ ನಿರಾಕರಿಸಿದ. ಚಾಂಪಿಯನ್ ಪಟ್ಟ ಹೋಯಿತು, ಬಾಕ್ಸಿಂಗ್ ಆಡುವ ಲೈಸೆನ್ಸ್ ಹೋಯಿತು. ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ. ಮೇಲ್ಮನವಿ ನಡೆಯುತ್ತಿದ್ದರಿಂದ ಜೈಲಿಗೆ ಹೋಗಲಿಲ್ಲ ಅಷ್ಟೇ. ಮೂರೂವರೆ ವರ್ಷ ರಿಂಗಿಗೆ ಇಳಿಯಲಿಲ್ಲ. ದುಡಿಮೆಯ ವಯಸ್ಸೇ ಅದು. ಆ ಹೊತ್ತಿಗೆ ಫ್ರೇಜಿಯರ್ ಮೇಲೇರುತ್ತಿದ್ದ, 1970ರಲ್ಲಿ ಜಿಮ್ಮಿ ಎಲಿಸ್‌ನನ್ನು ಸೋಲಿಸಿ ಚಾಂಪಿಯನ್ ಆದ. ಅಲಿಗೆ ದುಡ್ಡು ಕೊಟ್ಟ. ಅವನಿಗೆ ಲೈಸೆನ್ಸ್ ವಾಪಸ್ ಕೊಡಿ ಅಂತ ಕೇಳಿದ. ಇಬ್ಬರೂ ಒಂದೇ ಕಾರಿನಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕ್‌ಗೆ ಹರಟೆ ಹೊಡೆಯುತ್ತಾ ಹೋಗಿದ್ದೂ ಉಂಟು. ಇದರಲ್ಲಿ ಸ್ವಾರ್ಥ ಇರಲಿಲ್ವಾ? ಇತ್ತು. ಅಲಿಯನ್ನು ಸೋಲಿಸದೆ ತನ್ನನ್ನು ಯಾರೂ ನಿಜವಾದ ಚಾಂಪಿಯನ್ ಅನ್ನೋದಿಲ್ಲ ಅಂತ ಅವನಿಗೆ ಗೊತ್ತಿತ್ತು. ಹಾಗಂತ ಕೊಟ್ಟ ನೆರವು ಸುಳ್ಳಾಗುವುದಿಲ್ಲ.

ಲೈಸೆನ್ಸ್ ಸಿಕ್ಕಿತು, ಫೈಟ್ ಗೊತ್ತಾಯಿತು, ಅಲಿಯ ಬಾಯಿ ತೆರೆಯಿತು. ಫ್ರೇಜಿಯರ್ ಒಬ್ಬ 'ಅಂಕಲ್ ಟಾಮ್' ಅಂದ. ಕರಿಯರಲ್ಲಿ ಬಿಳಿಯರ ಮುಂದೆ ಹಲ್ಲುಗಿಂಜುವವನಿಗೆ ಬೈಯುವ ಮಾತದು, ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಇವನನ್ನು ಬೆಂಬಲಿಸುವ ಕರಿಯರೂ ಅಂಥವರೇ ಅಂತ ಸೇರಿಸಿದ. ನನಗೆ ಇದು ಅತಿ ಅನಿಸುತ್ತದೆ. ಲೂಯಿವಿಲ್‌ನ ಬಿಳಿ ವ್ಯಾಪಾರಿಗಳ ಗುಂಪೊಂದು ದುಡ್ಡು ಹಾಕಿ ಬೆಳೆಸಿದ್ದು ಅಲಿಯನ್ನು. ಅವನ ಕೋಚ್ ಆಂಜೆಲೊ ಡಂಡಿಯೂ ಬಿಳಿಯ. ಫ್ರೇಜಿಯರ್‌ನ ಕೋಚ್‌ಗಳಾದ ಯಾಂಕ್ ಡರ್ಹಾಮ್, ಎಡ್ಡಿ ಫಚ್ ಇಬ್ಬರೂ ಕರಿಯರು. ಆದರೆ ಜನ ಈ ಲೆಕ್ಕ ಹಾಕಲಿಲ್ಲ. ಯುದ್ಧ ಬೇಡ ಅಂದವರೆಲ್ಲ ಅಲಿ ಕಡೆ ನಿಂತರು. ಫ್ರೇಜಿಯರ್ ಕೇಳದೇ ಇದ್ದರೂ ಸರ್ಕಾರದ ಪರ ಇದ್ದವರೆಲ್ಲ ಅವನ ಕಡೆ ಬಂದರು. ಫ್ರೇಜಿಯರ್‌ನ ಮಗ ಮಾರ್ವಿಸ್ ಶಾಲೆಯಲ್ಲಿ ಹುಡುಗರಿಂದ ಇದೇ ಮಾತು ಕೇಳಿಸಿಕೊಂಡ.

1971ರ ಮಾರ್ಚ್ 8, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಇಬ್ಬರೂ ಅಲ್ಲಿವರೆಗೆ ಸೋತವರಲ್ಲ. ಒಬ್ಬೊಬ್ಬರಿಗೆ 25 ಲಕ್ಷ ಡಾಲರ್. ಲೈಫ್ ಪತ್ರಿಕೆಗೆ ರಿಂಗ್ ಪಕ್ಕ ಕೂತು ಫೋಟೊ ತೆಗೆದದ್ದು ಗಾಯಕ ಫ್ರಾಂಕ್ ಸಿನಾತ್ರಾ. (ಅದೇ ರಾತ್ರಿ, ಎಲ್ಲರ ಗಮನ ಫೈಟ್ ಕಡೆ ಇರುತ್ತದೆ ಅಂತ ಲೆಕ್ಕ ಹಾಕಿ, ಯುದ್ಧ ವಿರೋಧಿಗಳ ಗುಂಪೊಂದು ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೆ ನುಗ್ಗಿ ಕಡತಗಳನ್ನು ಹೊತ್ತೊಯ್ದಿತು. ಸರ್ಕಾರ ತನ್ನ ಜನರ ಮೇಲೆ ಮಾಡುತ್ತಿದ್ದ ಬೇಹುಗಾರಿಕೆ ಬಯಲಾಗಿದ್ದು ಹೀಗೆ.) ಹದಿನೈದನೇ ರೌಂಡಿನಲ್ಲಿ ಫ್ರೇಜಿಯರ್‌ನ ಎಡಗೈ ಹುಕ್ ಬಿದ್ದು ಅಲಿ ಅಂಗಾತ ಬಿದ್ದ. ತೀರ್ಪುಗಾರರೆಲ್ಲ ಫ್ರೇಜಿಯರ್‌ಗೇ ಗೆಲುವು ಕೊಟ್ಟರು. ಸೋತ ಅಲಿ ಊದಿದ ದವಡೆಗೆ ಎಕ್ಸ್‌ರೇ ತೆಗೆಸಿಕೊಂಡು ಹೊರಟ. ಗೆದ್ದ ಫ್ರೇಜಿಯರ್ ಆಸ್ಪತ್ರೆ ಸೇರಿದ.

1973ರಲ್ಲಿ ಜಾರ್ಜ್ ಫೋರ್‌ಮನ್ ಎರಡೇ ರೌಂಡಿನಲ್ಲಿ ಫ್ರೇಜಿಯರ್‌ನನ್ನು ಆರು ಸಲ ಕೆಡವಿ ಪಟ್ಟ ಕಿತ್ತುಕೊಂಡ. 1974ರ ಜನವರಿಯ ಎರಡನೇ ಅಲಿ–ಫ್ರೇಜಿಯರ್ ಫೈಟ್ ಸಪ್ಪೆ. ಅಲಿ ಹಿಡಿದು ತಬ್ಬಿಕೊಂಡೇ ಹನ್ನೆರಡು ರೌಂಡ್ ಕಳೆದು ಅಂಕದ ಮೇಲೆ ಗೆದ್ದ. ಅದಕ್ಕಿಂತ ಜೋರಾಗಿ ನಡೆದದ್ದು ಮುಂಚೆ ಟಿವಿ ಸ್ಟುಡಿಯೋದಲ್ಲಿ. ಹಳೇ ಫೈಟ್ ನೋಡುತ್ತಾ ಕೂತಿದ್ದಾಗ ಅಲಿ 'ದಡ್ಡ' ಅಂದ, ಫ್ರೇಜಿಯರ್ ಎದ್ದು ನಿಂತ, ಇಬ್ಬರೂ ನೆಲದ ಮೇಲೆ ಉರುಳಾಡಿದರು. ತಲಾ ಐದು ಸಾವಿರ ಡಾಲರ್ ದಂಡ ಬಿತ್ತು.

ಅದೇ ವರ್ಷ ಅಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಫೋರ್‌ಮನ್‌ನನ್ನು ಸೋಲಿಸಿ ಮತ್ತೆ ಚಾಂಪಿಯನ್ ಆಗಿದ್ದ. ಮೂರನೇ ಫೈಟ್ 1975ರ ಅಕ್ಟೋಬರ್ 1ಕ್ಕೆ, ಫಿಲಿಪ್ಪೀನ್ಸ್‌ನ ಮನಿಲಾ ಪಕ್ಕದ ಕೆಜಾನ್ ಸಿಟಿಯಲ್ಲಿ. ಅಲಿ ಪುಟ್ಟ ರಬ್ಬರ್ ಗೊರಿಲ್ಲಾ ಒಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಕ್ಯಾಮೆರಾ ಕಂಡಾಗ ಹೊರಗೆ ತೆಗೆದು, ಇದೇ ಜೋ ಅಂತ ಗುದ್ದುತ್ತಿದ್ದ. ಜನ ನಕ್ಕರು.

ಅಮೆರಿಕದಲ್ಲಿ ರಾತ್ರಿ ತೋರಿಸಬೇಕಲ್ಲ, ಹಾಗಾಗಿ ಫೈಟ್ ಶುರುವಾಗಿದ್ದು ಮನಿಲಾದ ಬೆಳಗ್ಗೆ ಹನ್ನೊಂದರ ಸುಮಾರಿಗೆ. ಒಳಗೆ ಬೇಯುವ ಸೆಕೆ. ಮೊದಲ ರೌಂಡ್‌ಗಳು ಅಲಿಯದು, ನಡುವಿನವು ಫ್ರೇಜಿಯರ್‌ನದು. ಪಕ್ಕೆಲುಬಿಗೆ ಬೀಳುತ್ತಿದ್ದ ಹುಕ್‌ಗಳಿಗೆ ಅಲಿ ಬಾಗಿಹೋದ. ಕೊನೆಗೆ ಮತ್ತೆ ಅಲಿ ಏರಿಬಂದ. ಹದಿಮೂರನೇ ರೌಂಡಿನಲ್ಲಿ ಅವನ ಗುದ್ದಿಗೆ ಫ್ರೇಜಿಯರ್‌ನ ಬಾಯಿಯ ರಬ್ಬರ್ ಗಾರ್ಡ್ ಹಾರಿ ಜನರ ನಡುವೆ ಬಿತ್ತು. ಆಗ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಇತ್ತು. ಫ್ರೇಜಿಯರ್‌ಗೆ ಎಡಗಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ವರ್ಷಗಳಿಂದ ಪೊರೆ ಬಂದಿತ್ತು. ಅದನ್ನು ಮುಚ್ಚಿಟ್ಟೇ ಅಷ್ಟು ಫೈಟ್ ಆಡಿದ್ದ. ಈಗ ಬಲಗಣ್ಣೂ ಊದಿ ಮುಚ್ಚಿಕೊಂಡಿತು. ಬರುವ ಗುದ್ದು ಕಾಣುತ್ತಲೇ ಇರಲಿಲ್ಲ.

ಹದಿನಾಲ್ಕು ಮುಗಿದ ಮೇಲೆ ಕೋಚ್ ಫಚ್ ಸಾಕು ಅಂದ. ಫ್ರೇಜಿಯರ್ ಒಪ್ಪಲಿಲ್ಲ, ಎದ್ದ. ಫಚ್ ಭುಜ ಒತ್ತಿ ಕೂರಿಸಿದ. 'ಕೂತ್ಕೋ ಮಗ, ಮುಗೀತು. ಇವತ್ತು ನೀನು ಮಾಡಿದ್ದನ್ನ ಯಾರೂ ಮರೆಯಲ್ಲ.' ಆಚೆ ಮೂಲೆಯಲ್ಲಿ ಅಲಿ ಎದ್ದು ಕೈ ಎತ್ತಿದ, ಸ್ವಲ್ಪ ಹೊತ್ತಿಗೆ ರಿಂಗಿನಲ್ಲೇ ಕುಸಿದ. ಸಾವು ಅಂದರೆ ಹೀಗೇ ಇರಬೇಕು ಅಂತ ಆಮೇಲೆ ಹೇಳಿದ.

ಫೈಟ್ ಮುಗಿದ ಮೇಲೆ ಅಲಿ ಹದಿನೈದು ವರ್ಷದ ಮಾರ್ವಿಸ್‌ನನ್ನು ತನ್ನ ಕೋಣೆಗೆ ಕರೆಸಿದ. ಅಂದಿದ್ದೆಲ್ಲ ಮನಸ್ಸಿನಿಂದ ಅಂದಿದ್ದಲ್ಲ, ಅಪ್ಪನಿಗೆ ಹೇಳು ಅಂದ. ಹುಡುಗ ಬಂದು ಹೇಳಿದ. ನನಗೇ ಬಂದು ಹೇಳಬಹುದಿತ್ತಲ್ಲ, ನಿನ್ನ ಕೈಲಿ ಯಾಕೆ ಹೇಳಿಸ್ತಾನೆ ಅಂದ ಅಪ್ಪ. ನಿಮ್ಮ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಉಳಿದರ್ಧ ಆಮೇಲಿನ ಬದುಕಿನದು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಮಾತು ನಿಂತಷ್ಟೂ ಜಗತ್ತಿಗೆ ಅವನ ಮೇಲೆ ಪ್ರೀತಿ ಜಾಸ್ತಿಯಾಯಿತು. ಫ್ರೇಜಿಯರ್ ಫಿಲಡೆಲ್ಫಿಯಾದ ನಾರ್ತ್ ಬ್ರಾಡ್ ಸ್ಟ್ರೀಟ್‌ನ ತನ್ನ ಜಿಮ್‌ನಲ್ಲಿ ಹುಡುಗರಿಗೆ ಹೇಳಿಕೊಡುತ್ತಾ, ಅದರ ಮೇಲಿನ ಮನೆಯಲ್ಲಿ ಇದ್ದ. ಅವನು ಮಾಂಸಕ್ಕೆ ಗುದ್ದುತ್ತಿದ್ದದ್ದು 'ರಾಕಿ' ಸಿನಿಮಾದಲ್ಲಿ ದೃಶ್ಯವಾಯಿತು. ಆ ಊರು ಕಥೆಯ ಬಾಕ್ಸರ್ ರಾಕಿಗೆ ಪ್ರತಿಮೆ ಇಟ್ಟ ಎಷ್ಟೋ ವರ್ಷಕ್ಕೆ, 2015ರಲ್ಲಿ ಫ್ರೇಜಿಯರ್‌ಗೆ ಇಟ್ಟಿತು. ಅಷ್ಟರಲ್ಲಿ ಅವನು ಇರಲಿಲ್ಲ. 1996ರಲ್ಲಿ ನಡುಗುವ ಕೈಯಲ್ಲಿ ಅಲಿ ಅಟ್ಲಾಂಟಾ ಒಲಿಂಪಿಕ್ ಜ್ಯೋತಿ ಹಚ್ಚಿದಾಗ ಎಲ್ಲರೂ ಕಣ್ಣೊರೆಸಿಕೊಂಡರೆ, ನಾನಿದ್ದಿದ್ದರೆ ಅವನನ್ನು ಬೆಂಕಿಗೇ ತಳ್ಳುತ್ತಿದ್ದೆ ಅಂದ ಫ್ರೇಜಿಯರ್. ಕೆಟ್ಟ ಮಾತು. ಸಮರ್ಥಿಸಲು ಹೋಗುವುದಿಲ್ಲ.

2001ರಲ್ಲಿ ಅಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ: ಅನ್ನಬಾರದ್ದನ್ನು ಅಂದೆ, ಕ್ಷಮಿಸಿ, ಎಲ್ಲ ಫೈಟ್‌ನ ಪ್ರಚಾರಕ್ಕೆ ಅಂದಿದ್ದು. ನಿಜ ಇರಬಹುದು. ಟಿಕೆಟ್ ಮಾರಾಟವಾಯಿತು, ಫ್ರೇಜಿಯರ್‌ಗೂ ದುಡ್ಡು ಬಂತು. ಆದರೆ ಮೊದಲ ಸಲ ಮಗನ ಮೂಲಕ, ಈ ಸಲ ಪತ್ರಿಕೆಯ ಮೂಲಕ. ಅದೇ ವರ್ಷ ಇಬ್ಬರ ಹೆಣ್ಣುಮಕ್ಕಳು, ಲೈಲಾ ಅಲಿ ಮತ್ತು ಜಾಕಿ ಫ್ರೇಜಿಯರ್-ಲೈಡ್, ರಿಂಗಿಗೆ ಇಳಿದರು. ಲೈಲಾ ಅಂಕದ ಮೇಲೆ ಗೆದ್ದಳು.

ಕೊನೆಗೆ ಕ್ಷಮಿಸಿದನಾ? ಒಂದು ಸಲ ಕ್ಷಮಿಸಿದೆ ಅನ್ನುತ್ತಿದ್ದ, ಇನ್ನೊಂದು ಸಲ ಹಳೆಯದೆಲ್ಲ ಎತ್ತುತ್ತಿದ್ದ. 2011ರ ನವೆಂಬರ್‌ನಲ್ಲಿ ಲಿವರ್ ಕ್ಯಾನ್ಸರ್‌ನಿಂದ ಹೋದ. ಅಂತ್ಯಕ್ರಿಯೆಗೆ ಅಲಿ ಫಿಲಡೆಲ್ಫಿಯಾಗೆ ಬಂದ. ಅವನೂ 2016ರಲ್ಲಿ ಹೋದ.

ಮೂರರಲ್ಲಿ ಒಂದೇ ಫೈಟ್ ನೋಡುವುದಾದರೆ 1971ರದ್ದು ನೋಡಿ. ಮನಿಲಾದ್ದು ಹೆಸರುವಾಸಿ, ಆದರೆ ಅಲ್ಲಿ ಇಬ್ಬರೂ ಆಗಲೇ ಸವೆದುಹೋಗಿದ್ದರು. ಇಲ್ಲಿ ಇಬ್ಬರೂ ಇನ್ನೂ ಮೂವತ್ತರ ಒಳಗೆ. ಹದಿನೈದನೇ ರೌಂಡಿನ ಆ ಹುಕ್ ಬರುವಾಗ ಫ್ರೇಜಿಯರ್‌ನ ಎಡ ಮೊಣಕೈ ಗಮನಿಸಿ.