ಡಿಸ್ಕ್ ಸರಿಯಾಗಿಯೇ ಇದೆ, ಬಣ್ಣ ಹೋಗಿರುವುದು ಫಿಲ್ಮಿನದು

ಪ್ರಶ್ನೆ: ಎಪ್ಪತ್ತರ ದಶಕದ ಅಮೆರಿಕನ್ ಹಾರರ್ ಟ್ರೈಲರ್‌ಗಳ ಬ್ಲೂ-ರೇ ತರಿಸಿಕೊಂಡೆ. ಅರ್ಧಕ್ಕರ್ಧ ಟ್ರೈಲರ್‌ಗಳು ಗುಲಾಬಿ ಬಣ್ಣಕ್ಕೆ ತಿರುಗಿವೆ, ಮೈತುಂಬಾ ಗೀರು. ಅವೇ ಸಿನಿಮಾಗಳ ಬ್ಲೂ-ರೇ ಮಾತ್ರ ಬಹಳ ಚೆನ್ನಾಗಿದೆ. ನನಗೆ ಮೋಸ ಆಯಿತಾ?

ಉತ್ತರ: ಇಲ್ಲ. ಡಿಸ್ಕ್ ವಾಪಸ್ ಕಳಿಸಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ವೇಷ ಬದಲಿಸಿಕೊಂಡು ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಬ್ಲೂ-ರೇ ಅಂದರೆ ಬರೀ ಪಾತ್ರೆ. ಹಳಸಿದ ಸಾರನ್ನು ಬೆಳ್ಳಿ ಪಾತ್ರೆಗೆ ಸುರಿದರೂ ಹಳಸಿದ ಸಾರೇ. ಸಿನಿಮಾದ ಡಿಸ್ಕ್ ಮಾಡುವವರಿಗೆ ಸಾಮಾನ್ಯವಾಗಿ ಸ್ಟುಡಿಯೋ ಜೋಪಾನವಾಗಿಟ್ಟ ಮೂಲ ನೆಗೆಟಿವ್ ಸಿಗುತ್ತದೆ. ಟ್ರೈಲರ್‌ಗೆ ಆ ಭಾಗ್ಯ ಕಡಿಮೆ. ಅಮೆರಿಕದಲ್ಲಿ ದಶಕಗಳ ಕಾಲ ಹೆಚ್ಚಿನ ಟ್ರೈಲರ್‌ಗಳನ್ನು ಥಿಯೇಟರ್‌ಗಳಿಗೆ ಹಂಚಿದ್ದು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಕಂಪನಿ. ಸಿನಿಮಾ ಬಿಡುಗಡೆಯಾದ ಮೇಲೆ ಆ ತುಂಡು ಫಿಲ್ಮ್ ಯಾರಿಗೆ ಬೇಕು? ಸಂಗ್ರಹಕಾರರು ಎತ್ತಿಟ್ಟುಕೊಂಡ 35 ಎಂಎಂ ಪ್ರಿಂಟ್‌ಗಳೇ ಎಷ್ಟೋ ಟ್ರೈಲರ್‌ಗಳಿಗೆ ಇವತ್ತು ಆಧಾರ. ಜೊತೆಗೆ, ಟ್ರೈಲರ್‌ನಲ್ಲಿ ಚಿತ್ರದ ಮೇಲೆ ದೊಡ್ಡ ದೊಡ್ಡ ಅಕ್ಷರ ಹಾರಿ ಬರುತ್ತವಲ್ಲ, ಅವನ್ನು ಕೂರಿಸಲು ಫಿಲ್ಮನ್ನು ಇನ್ನೊಮ್ಮೆ ನಕಲು ಮಾಡಲೇಬೇಕಿತ್ತು. ನಕಲು ಮಾಡಿದಷ್ಟೂ ಕಾಳುಕಾಳು ಜಾಸ್ತಿ. ಅಂದರೆ ಮೊದಲ ದಿನವೇ ಟ್ರೈಲರ್ ಸಿನಿಮಾಕ್ಕಿಂತ ಒಂದು ಮೆಟ್ಟಿಲು ಕೆಳಗಿತ್ತು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಒಬ್ಬರು ಬರುತ್ತಾರೆ: "ಆಗ ಥಿಯೇಟರ್‌ನಲ್ಲೂ ಹೀಗೇ ಗುಲಾಬಿಯಾಗಿ ಕಾಣ್ತಿತ್ತು ಸಾರ್, ಅದೇ ಅದರ ಮಜಾ!"

ಇಲ್ಲ ಸ್ವಾಮಿ, ಕಾಣುತ್ತಿರಲಿಲ್ಲ. ನಮ್ಮ ಹಳೇ ಕನ್ನಡ ಪೋಸ್ಟರ್‌ಗಳಲ್ಲೂ 'ಈಸ್ಟ್‌ಮನ್ ಕಲರ್' ಅಂತ ಹೆಮ್ಮೆಯಿಂದ ಹಾಕುತ್ತಿದ್ದರು, ನೆನಪಿದೆಯಾ? ಅದು ಕೊಡಾಕ್ ಕಂಪನಿಯ ಬಣ್ಣದ ಫಿಲ್ಮ್. ಆ ಬಗೆಯ ಪ್ರಿಂಟ್‌ನಲ್ಲಿ ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆ ಬೆರೆತ ಗುಲಾಬಿ), ಹಳದಿ ಅಂತ ಮೂರು ಬಣ್ಣದ ಪದರಗಳಿರುತ್ತವೆ. ಆ ಕಾಲದ ಪ್ರಿಂಟ್‌ಗಳಲ್ಲಿ ಸಯಾನ್ ಬೇಗ ಮಾಸುತ್ತಿತ್ತು, ಹಳದಿಯೂ ಕುಂದುತ್ತಿತ್ತು. ಕೊನೆಗೆ ಗಟ್ಟಿಯಾಗಿ ಉಳಿಯುವುದು ಮಜೆಂಟಾ ಒಂದೇ. ಪ್ರೊಜೆಕ್ಟರ್‌ಗೆ ಏರಿಸದೆ ಡಬ್ಬಿಯ ಕತ್ತಲಲ್ಲಿ ಸುಮ್ನೆ ಇಟ್ಟರೂ ಇದು ನಡೆಯುತ್ತದೆ. ಸೆಕೆ, ತೇವ ಇದ್ದರೆ ಇನ್ನೂ ಬೇಗ. ಬೇಗ ಮಾಸದ ಪ್ರಿಂಟ್ ಫಿಲ್ಮನ್ನು ಕೊಡಾಕ್ ತಂದಿದ್ದು 1980ರ ದಶಕದ ಆರಂಭದಲ್ಲಿ.

ನಂಬಿಕೆ ಬರದಿದ್ದರೆ ಹಾರರ್ ಟ್ರೈಲರ್‌ಗಳ ಯಾವುದಾದರೂ ದೊಡ್ಡ ಸಂಗ್ರಹವನ್ನೇ ಸಾಕ್ಷಿ ಕೇಳಿ. 1980ರ ದಶಕದ ಕೊನೆಯ ಟ್ರೈಲರ್‌ಗಳಲ್ಲಿ ಬಣ್ಣ ಸಾಮಾನ್ಯವಾಗಿ ನೆಟ್ಟಗಿರುತ್ತದೆ. 1974ರ ಸುತ್ತಮುತ್ತಲಿನವು ಗುಲಾಬಿ. ಇನ್ನೂ ಹಿಂದೆ ಹೋಗಿ 1950ರ ದಶಕದ ಕಪ್ಪು-ಬಿಳುಪು ಟ್ರೈಲರ್ ಹಾಕಿ ನೋಡಿ, ಬಹುಪಾಲು ಖಡಕ್ ಆಗಿರುತ್ತದೆ. ಕಪ್ಪು-ಬಿಳುಪು ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ, ಅಲ್ಲಿ ಮಾಸಲು ಬಣ್ಣವೇ ಇಲ್ಲ. ಬರೀ ವಯಸ್ಸೇ ಕಾರಣವಾಗಿದ್ದರೆ ಅತಿ ಹಳೆಯದು ಅತಿ ಕೆಟ್ಟದಾಗಿರಬೇಕಿತ್ತು, ಅಲ್ವಾ?

ಇನ್ನೊಂದು ಮಾತು. 1957ರಲ್ಲಿ ಬ್ರಿಟನ್ನಿನ ಹ್ಯಾಮರ್ ಎಂಬ ಚಿತ್ರಸಂಸ್ಥೆ 'ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್' ತೆಗೆಯಿತು. ಅದು ಅವರ ಮೊದಲ ಬಣ್ಣದ ಹಾರರ್, ಅದೂ ಈಸ್ಟ್‌ಮನ್ ಕಲರ್‌ನಲ್ಲೇ. ರಕ್ತವನ್ನು ರಕ್ತದ ಬಣ್ಣದಲ್ಲೇ ನೋಡಿ ಬ್ರಿಟನ್ನಿನ ಎಷ್ಟೋ ವಿಮರ್ಶಕರು ಅಸಹ್ಯಪಟ್ಟುಕೊಂಡರು. ಇಡೀ ಪರದೆಯೇ ಗುಲಾಬಿಯಾಗಿದ್ದರೆ ರಕ್ತ ಕಂಡು ಯಾರು ಬೆಚ್ಚುತ್ತಿದ್ದರು?

ಗೀರಿನ ವಿಷಯದಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಊರೂರು ಸುತ್ತಿ ಸವೆದ ಪ್ರಿಂಟ್ ಕೊನೆಗೆ ಅಗ್ಗದ ಥಿಯೇಟರ್‌ಗೆ ಬಂದಾಗ ಗೀರು ಇದ್ದೇ ಇರುತ್ತಿತ್ತು. ಆದರೆ 2007ರ 'ಗ್ರೈಂಡ್‌ಹೌಸ್' ಚಿತ್ರದಲ್ಲಿ ಬೇಕೆಂದೇ ಗೀರು ಹಾಕಿ, ರೀಲೇ ಕಳೆದುಹೋದಂತೆ ತೋರಿಸಿದ ಮೇಲೆ, ಹಳೆಯದೆಲ್ಲ ಹಾಗೇ ಇತ್ತು ಅನ್ನುವ ನಂಬಿಕೆ ಇನ್ನಷ್ಟು ಬೇರು ಬಿಟ್ಟಿತು.

ಕೊಳ್ಳುವಾಗ ನೋಡಬೇಕಾದ್ದು ಒಂದೇ: ಫಿಲ್ಮ್‌ನಿಂದಲೇ ಸ್ಕ್ಯಾನ್ ಮಾಡಿದ್ದಾ, ಹಳೇ ವಿಡಿಯೋ ಟೇಪ್‌ನಿಂದ ಹಿಗ್ಗಿಸಿದ್ದಾ? 'ಟ್ರೈಲರ್ ಟ್ರಾಮಾ' ಎಂಬ ಟ್ರೈಲರ್ ಬ್ಲೂ-ರೇಗಳ ಸರಣಿ 35 ಎಂಎಂ ಪ್ರಿಂಟ್‌ಗಳಿಂದಲೇ ತೆಗೆದದ್ದು. ಗೀರಿದ್ದರೂ ಅದರಲ್ಲಿ ವಿವರ ಇದೆ. ಟೇಪ್‌ನಿಂದ ಹಿಗ್ಗಿಸಿದ್ದರಲ್ಲಿ ಗೀರು ಕಾಣದೇ ಇರಬಹುದು, ಮುಖಗಳೂ ಕಾಣುವುದಿಲ್ಲ. ನನಗಂತೂ ಗೀರೇ ಇರಲಿ. ಹಾಂ, ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ವಲಯದ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಗುರುತು, ನೋಡಿಕೊಳ್ಳಿ. ಬ್ಲೂ-ರೇಗೆ ಭಾರತ ಇರುವುದು 'ಸಿ' ವಲಯದಲ್ಲಿ.

ಬಣ್ಣವನ್ನು ಕಂಪ್ಯೂಟರ್‌ನಲ್ಲಿ ಸರಿ ಮಾಡಬಹುದಲ್ಲ ಅಂತೀರಾ? ಸ್ವಲ್ಪ ಉಳಿದಿದ್ದರೆ ಎಳೆದು ತರಬಹುದು. ಪೂರ್ತಿ ಹೋಗಿದ್ದರೆ ತುಂಬಿಸುವುದೆಲ್ಲ ಅಂದಾಜು.

ಹಾಗಾದರೆ ಸಿನಿಮಾದ ಒಳ್ಳೆಯ ಡಿಸ್ಕ್‌ನಿಂದ ಅದೇ ಶಾಟ್‌ಗಳನ್ನು ತೆಗೆದು ಟ್ರೈಲರ್ ಮತ್ತೆ ಜೋಡಿಸಿದರೆ? ಇದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲವರು ಹಾಗೆ ಮಾಡುತ್ತಾರೆ. ಆದರೆ ಟ್ರೈಲರ್‌ನಲ್ಲಿ ಇರುವುದೆಲ್ಲ ಸಿನಿಮಾದಲ್ಲಿ ಇರಬೇಕೆಂದೇನಿಲ್ಲ. 1960ರ 'ಸೈಕೋ' ಟ್ರೈಲರ್ ನೋಡಿ. ಆರು ನಿಮಿಷಕ್ಕೂ ಜಾಸ್ತಿ ಹೊತ್ತು ನಿರ್ದೇಶಕ ಹಿಚ್‌ಕಾಕ್ ಮೋಟೆಲ್, ಮನೆ ಎಲ್ಲ ಸುತ್ತಾಡಿಸುತ್ತಾರೆ. ಕೊನೆಗೆ ಬಚ್ಚಲಿನ ಪರದೆ ಸರಿಸುತ್ತಾರೆ, ಹೆಂಗಸೊಬ್ಬಳು ಕಿರುಚುತ್ತಾಳೆ. ಆಕೆ ಸಿನಿಮಾದ ಆ ದೃಶ್ಯದಲ್ಲಿದ್ದ ಜಾನೆಟ್ ಲೀ ಅಲ್ಲ, ಅದೇ ಸಿನಿಮಾದ ಇನ್ನೊಬ್ಬ ನಟಿ, ವಿಗ್ ತೊಟ್ಟ ವೀರಾ ಮೈಲ್ಸ್! ಆ ಶಾಟ್ ಸಿನಿಮಾದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಥವಕ್ಕೆ ಟ್ರೈಲರ್‌ನ ಫಿಲ್ಮೇ ಗತಿ. ಪುಣ್ಯಕ್ಕೆ ಅದು ಕಪ್ಪು-ಬಿಳುಪು.