ಬೋನ್‌ಫೆಲ್ಡ್‌ನಿಂದ ಶೆನಾಂಡೋವಾ ಕಣಿವೆಗೆ: ಭೂ ದಾಖಲೆಗಳಲ್ಲಿ ಹೈಟ್ ಕುಟುಂಬದ ಜಾಡು

ಅಮೆರಿಕದ ವರ್ಜೀನಿಯಾದಲ್ಲಿ ಯೋಸ್ಟ್ ಹೈಟ್ ಎಂಬ ಜರ್ಮನ್ ವಲಸಿಗನ ಬಗ್ಗೆ ಬಹುಕಾಲ ಒಂದು ದಂತಕಥೆ ಪ್ರಚಾರದಲ್ಲಿತ್ತು. ಆತ ಅಲ್ಸಾಸ್ ಪ್ರಾಂತ್ಯದ ಬ್ಯಾರನ್ ಎಂದೂ ಸ್ವಂತ ಹಡಗುಗಳಲ್ಲಿ ತನ್ನ ಜನರನ್ನು ಕರೆತಂದನೆಂದೂ ವಂಶಾವಳಿ ಬರೆಯುವವರು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದ ಕೊನೆಗೆ ಸಂಶೋಧಕರು ಹೈಲ್‌ಬ್ರಾನ್ ಸಮೀಪದ ಬೋನ್‌ಫೆಲ್ಡ್ ಎಂಬ ಹಳ್ಳಿಯ ಚರ್ಚಿನ ಪುಸ್ತಕವನ್ನು ತೆರೆದು ನೋಡಿದಾಗ ಬ್ಯಾರನ್ ಮಾಯವಾದ. 1685ರ ಡಿಸೆಂಬರ್‌ನಲ್ಲಿ ದೀಕ್ಷಾಸ್ನಾನ ಪಡೆದ ಹಾನ್ಸ್ ಯೋಸ್ಟ್ ಹೈಡ್, ಮಾಂಸದ ವ್ಯಾಪಾರಿಯೊಬ್ಬನ ಮಗ. 1704ರಲ್ಲಿ ಅದೇ ಊರಿನಲ್ಲಿ ಆನಾ ಮರಿಯಾ ಮೆರ್ಕ್ಲೆ ಎಂಬವಳನ್ನು ಮದುವೆಯಾಗಿದ್ದ. ನನ್ನ ಮಟ್ಟಿಗೆ ಈ ನಿಜವೇ ದಂತಕಥೆಗಿಂತ ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಹಳ್ಳಿಯ ಸಾಮಾನ್ಯ ಕುಟುಂಬವೊಂದು ಇಪ್ಪತ್ತೈದು ವರ್ಷಗಳ ಒಳಗೆ ಒಂದು ಲಕ್ಷ ಎಕರೆಗೂ ಮೀರಿದ ಭೂವ್ಯವಹಾರಕ್ಕೆ ಹೇಗೆ ಕೈಹಾಕಿತು ಎಂಬುದನ್ನು ತಿಳಿಯಬೇಕಾದರೆ ಕುಟುಂಬದ ನೆನಪುಗಳನ್ನು ಬದಿಗಿಟ್ಟು ಭೂಮಿಯ ಕಾಗದಗಳನ್ನು ಓದಬೇಕಾಗುತ್ತದೆ.

ಈ ಜಾಡಿನ ಮೊದಲ ಹಂತದಲ್ಲಿ ಭೂಮಿಯ ಕಾಗದವೇ ಇಲ್ಲ. 1709ರಲ್ಲಿ ಯುದ್ಧ, ತೆರಿಗೆ ಮತ್ತು ಅತಿ ಕಠೋರವಾದ ಚಳಿಗಾಲದಿಂದ ಬಸವಳಿದ ನೈಋತ್ಯ ಜರ್ಮನಿಯ ಸುಮಾರು 13,000 ಜನ ರೈನ್ ನದಿಯ ಮೂಲಕ ಲಂಡನ್ ತಲುಪಿದರು. ಇಂಗ್ಲಿಷರು ಅವರೆಲ್ಲರನ್ನೂ ಪ್ಯಾಲಟೈನರು ಎಂದು ಒಟ್ಟಾಗಿ ಕರೆದರು. ಅವರಲ್ಲಿ ಸುಮಾರು 3,000 ಮಂದಿಯನ್ನು 1710ರಲ್ಲಿ ಗವರ್ನರ್ ರಾಬರ್ಟ್ ಹಂಟರ್ ಜೊತೆಗೆ ನ್ಯೂಯಾರ್ಕ್‌ಗೆ ಕಳುಹಿಸಲಾಯಿತು. ಹಡ್ಸನ್ ನದಿಯ ದಂಡೆಯಲ್ಲಿ ಪೈನ್ ಮರಗಳಿಂದ ನೌಕಾಪಡೆಗೆ ಬೇಕಾದ ಡಾಂಬರು ತಯಾರಿಸಿ ಪ್ರಯಾಣದ ಸಾಲ ತೀರಿಸಬೇಕು, ಆಮೇಲೆ ತಲೆಗೆ 40 ಎಕರೆ ಸಿಗುತ್ತದೆ ಎಂಬುದು ಕರಾರು. ಡಾಂಬರಿನ ಯೋಜನೆ ವಿಫಲವಾಯಿತು, ಭೂಮಿಯ ಭರವಸೆಯೂ ಹಾಗೆಯೇ ಕರಗಿತು. ಉಳಿದದ್ದು ಸರ್ಕಾರ ಆಹಾರ ಹಂಚಿದ ಲೆಕ್ಕದ ಪಟ್ಟಿಗಳು. 847 ಕುಟುಂಬಗಳ ಹೆಸರಿರುವ ಆ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರಿನ ಮುಂದೆ ಹತ್ತು ವರ್ಷ ಮೀರಿದವರೆಷ್ಟು, ಮೀರದವರೆಷ್ಟು ಎಂಬ ಸಂಖ್ಯೆ ಮಾತ್ರ ಇರುತ್ತದೆ. ಹೈಡ್ ಕುಟುಂಬ ಅಮೆರಿಕದ ಕಾಗದಗಳಿಗೆ ಮೊದಲು ಸೇರಿದ್ದು ಹೀಗೆ, ಸರ್ಕಾರದ ಋಣದಲ್ಲಿರುವವರ ಸಾಲಿನಲ್ಲಿ.

ಕಿಂಗ್‌ಸ್ಟನ್ ಊರಿನ ಡಚ್ ಚರ್ಚಿನಲ್ಲಿ ಮಕ್ಕಳ ದೀಕ್ಷಾಸ್ನಾನ ಮಾಡಿಸಿದ ಕೆಲವು ವರ್ಷಗಳ ನಂತರ ಕುಟುಂಬ ಪೆನ್ಸಿಲ್ವೇನಿಯಾಕ್ಕೆ ಹೊರಟಿತು. ಅಲ್ಲಿನ ಪದ್ಧತಿ ಅಚ್ಚುಕಟ್ಟಾಗಿತ್ತು. ಭೂಮಿ ಬೇಕಾದವನು ಅರ್ಜಿ ಹಾಕಬೇಕು, ಅಳತೆ ಮಾಡಿಸಲು ಅನುಮತಿಯಾದ ವಾರಂಟ್ ಪಡೆಯಬೇಕು, ಸರ್ವೆಯರ್ ಅಳೆದು ವರದಿ ಸಲ್ಲಿಸಬೇಕು, ಹಣ ಪೂರ್ತಿ ಸಂದಾಯವಾದ ಮೇಲೆ ಪೇಟೆಂಟ್ ಎಂಬ ಹಕ್ಕುಪತ್ರ ಕೈಸೇರಬೇಕು. ಈ ನಾಲ್ಕು ಹಂತಗಳ ನಡುವೆ ವರ್ಷಗಳು ಉರುಳುತ್ತಿದ್ದುದರಿಂದ, ಹಕ್ಕುಪತ್ರದ ದಿನಾಂಕವನ್ನೇ ಕುಟುಂಬ ಅಲ್ಲಿಗೆ ಬಂದ ದಿನಾಂಕವೆಂದು ಹಿಡಿದವರು ದಾರಿ ತಪ್ಪಿದ್ದುಂಟು. ಪರ್ಕಿಯೋಮೆನ್ ಹೊಳೆಯ ದಂಡೆಯಲ್ಲಿ ಯೋಸ್ಟ್ 1720ರ ಸುಮಾರಿಗೆ ಕಲ್ಲಿನ ಮನೆಯನ್ನೂ ಹಿಟ್ಟಿನ ಗಿರಣಿಯನ್ನೂ ಕಟ್ಟಿದ. ಮುಂದೆ ಪೆನಿಪ್ಯಾಕರ್ ಮಿಲ್ಸ್ ಎಂದು ಹೆಸರಾದ ಆ ಸ್ಥಳವನ್ನು 1730ರಲ್ಲಿ ಮಾರಿದ.

ನಡೆಯುತ್ತಿದ್ದ ಗಿರಣಿಯನ್ನು ಮಾರಿ ಹೊರಡಲು ಕಾರಣವೇನು ಎಂಬುದಕ್ಕೆ ಭೂಕಚೇರಿಯ ಇತಿಹಾಸವೇ ಬಹುಪಾಲು ಉತ್ತರ ಕೊಡುತ್ತದೆ. 1718ರಲ್ಲಿ ಆ ವಸಾಹತಿನ ಒಡೆಯ ವಿಲಿಯಂ ಪೆನ್ ತೀರಿಕೊಂಡ ಮೇಲೆ ವಾರಸುದಾರರ ವ್ಯಾಜ್ಯದಿಂದಾಗಿ ಪೆನ್ಸಿಲ್ವೇನಿಯಾದ ಭೂಕಚೇರಿ 1732ರವರೆಗೆ ಹೆಚ್ಚುಕಡಿಮೆ ಮುಚ್ಚಿದ ಸ್ಥಿತಿಯಲ್ಲಿತ್ತು. ಬೆಳೆದ ಮಕ್ಕಳಿಗೆ ಭದ್ರವಾದ ಹಕ್ಕಿನ ಭೂಮಿ ಬೇಕಿದ್ದ ತಂದೆಗೆ ಅಲ್ಲಿ ದಾರಿ ಕಾಣುತ್ತಿರಲಿಲ್ಲ. ಅದೇ ಹೊತ್ತಿಗೆ ವರ್ಜೀನಿಯಾದ ಗವರ್ನರ್ ವಿಲಿಯಂ ಗೂಚ್, ಬ್ಲೂ ರಿಜ್ ಪರ್ವತಗಳ ಆಚೆಗಿನ ಶೆನಾಂಡೋವಾ ಕಣಿವೆಯಲ್ಲಿ ಜನರನ್ನು ನೆಲೆಗೊಳಿಸಿ ಫ್ರೆಂಚರಿಗೂ ಮೂಲನಿವಾಸಿಗಳಿಗೂ ಎದುರಾಗಿ ಒಂದು ತಡೆಯನ್ನು ನಿರ್ಮಿಸಲು ಹೊರಟಿದ್ದ.

1730ರ ಜೂನ್‌ನಲ್ಲಿ ವರ್ಜೀನಿಯಾದ ಕೌನ್ಸಿಲ್ ಜಾನ್ ಮತ್ತು ಐಸಾಕ್ ವ್ಯಾನ್ ಮೀಟರ್ ಸಹೋದರರಿಗೆ ಒಟ್ಟು 40,000 ಎಕರೆಯ ಆದೇಶ ನೀಡಿತ್ತು. 1731ರ ಆಗಸ್ಟ್‌ನಲ್ಲಿ ಆ ಆದೇಶವನ್ನು ಯೋಸ್ಟ್ ತನ್ನ ಹೆಸರಿಗೆ ಮಾಡಿಸಿಕೊಂಡ. ಅಕ್ಟೋಬರ್‌ನಲ್ಲಿ ರಾಬರ್ಟ್ ಮ್ಯಾಕೇ ಎಂಬ ಪಾಲುದಾರನೊಂದಿಗೆ ಇನ್ನೂ 100,000 ಎಕರೆಗೆ ಆದೇಶ ಪಡೆದ. ಇವು ಹಕ್ಕುಪತ್ರಗಳಲ್ಲ, ಷರತ್ತಿನ ಆದೇಶಗಳು ಎಂಬುದನ್ನು ಮರೆಯಬಾರದು. ಮುಂದಿನ ಅರ್ಧ ಶತಮಾನದ ಸಂಕಟವೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟಿತು. ಸಾವಿರ ಎಕರೆಗೆ ಒಂದು ಕುಟುಂಬದಂತೆ ನಿಗದಿತ ಅವಧಿಯೊಳಗೆ ಜನರನ್ನು ತಂದು ಕೂರಿಸಿದರೆ ಮಾತ್ರ ಹಕ್ಕು ಪಕ್ಕಾ ಆಗುತ್ತಿತ್ತು. 1732ರಲ್ಲಿ ಯೋಸ್ಟ್ ಒಪೆಕನ್ ಹೊಳೆಯ ಬಳಿ ನೆಲೆಸಿದ. ಅವನೊಂದಿಗೆ ಹದಿನಾರು ಕುಟುಂಬಗಳು ಬಂದವೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ವಿಸ್ತರಿಸಿದ ಗಡುವಾದ 1735ರ ಕ್ರಿಸ್‌ಮಸ್ ಹೊತ್ತಿಗೆ 54 ಕುಟುಂಬಗಳು ನೆಲೆಗೊಂಡಿದ್ದವು.

ಆ ಕುಟುಂಬಗಳಿಗೆ ಯೋಸ್ಟ್ ಬರೆದುಕೊಟ್ಟ ಕ್ರಯಪತ್ರಗಳನ್ನು ಓದುವುದಕ್ಕೆ ತಾಳ್ಮೆ ಬೇಕು. ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ ಒಂದು ಮಾರಾಟಕ್ಕೆ ಎರಡು ಪತ್ರಗಳು ಬೇಕಾಗುತ್ತಿದ್ದವು. ಮೊದಲ ದಿನ ಐದು ಶಿಲ್ಲಿಂಗ್‌ನಂಥ ನಾಮಮಾತ್ರದ ಮೊತ್ತಕ್ಕೆ ಒಂದು ವರ್ಷದ ಗುತ್ತಿಗೆ, ಮರುದಿನ ನಿಜವಾದ ಬೆಲೆಗೆ ಹಕ್ಕುಬಿಡುಗಡೆ. ಮೊದಲನೆಯದನ್ನಷ್ಟೇ ನೋಡಿದವರು ಈ ಕುಟುಂಬ ಗೇಣಿದಾರರದು ಎಂದು ತೀರ್ಮಾನಿಸಿಬಿಡುವ ಅಪಾಯವಿದೆ. ಹೆಂಡತಿಗೆ ಗಂಡನ ಆಸ್ತಿಯಲ್ಲಿ ಜೀವನಾಂಶದ ಹಕ್ಕಿದ್ದುದರಿಂದ ಮಾರಾಟದ ಪತ್ರದಲ್ಲಿ ಅವಳ ಒಪ್ಪಿಗೆಯೂ ದಾಖಲಾಗುತ್ತಿತ್ತು, ಮತ್ತು ಎಷ್ಟೋ ಹೆಂಗಸರ ಹೆಸರು ಇತಿಹಾಸಕ್ಕೆ ಉಳಿದಿರುವುದು ಆ ಒಂದೇ ಸಾಲಿನಲ್ಲಿ. ಆನಾ ಮರಿಯಾ ತೀರಿಕೊಂಡ ಮೇಲೆ ಯೋಸ್ಟ್ 1741ರಲ್ಲಿ ಮರಿಯಾ ಮಗ್ಡಲೇನಾ ಎಂಬ ವಿಧವೆಯೊಂದಿಗೆ ಮಾಡಿಕೊಂಡ ವಿವಾಹ ಕರಾರು ಕೂಡ ದಾಖಲೆಗಳಲ್ಲಿ ಉಳಿದು ಬಂದಿದೆ.

ಎಲ್ಲಕ್ಕಿಂತ ಹೆಚ್ಚಿನ ತಿಳಿವಳಿಕೆ ಸಿಗುವುದು ಚಕ್ಕುಬಂದಿಯ ಭಾಗದಲ್ಲಿ. ಇಂಥ ಹೊಳೆಯ ದಂಡೆಯ ಬಿಳಿ ಓಕ್ ಮರದಿಂದ ಆರಂಭಿಸಿ, ಇಂತಿಷ್ಟು ಡಿಗ್ರಿ ದಿಕ್ಕಿಗೆ ಇಂತಿಷ್ಟು ಪೋಲ್ ದೂರ ನಡೆದು, ಇಂಥವನ ಗಡಿಯನ್ನು ಮುಟ್ಟಿ, ಮತ್ತೆ ಅದೇ ಮರಕ್ಕೆ ಬರುವಂತೆ ಅದನ್ನು ಬರೆಯುತ್ತಿದ್ದರು. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ನಮ್ಮ ಒಂದು ಗುಂಟೆಯ ಬದಿ ಸರಿಯಾಗಿ ಇಂಥ ಎರಡು ಪೋಲ್ ಉದ್ದ. ಮರಗಳು ಎಂದೋ ಬಿದ್ದುಹೋಗಿವೆ, ಕಾಂತೀಯ ಉತ್ತರ ಸ್ಥಾನ ಬದಲಿಸಿದೆ, ಆದರೂ ಒಂದರ ಪಕ್ಕ ಒಂದರಂತೆ ಹಿಡುವಳಿಗಳ ನಕ್ಷೆ ಬರೆದು ಜೋಡಿಸುತ್ತ ಹೋದರೆ ಇಡೀ ಊರು ಕಣ್ಣಿಗೆ ಕಟ್ಟುತ್ತದೆ. ಹಾಗೆ ಜೋಡಿಸಿದಾಗ ಯೋಸ್ಟ್‌ನ ನೆರೆಹೊರೆಯಲ್ಲಿ ಜಾರ್ಜ್ ಬೌಮನ್, ಜೇಕಬ್ ಕ್ರಿಸ್ಮನ್, ಪಾಲ್ ಫ್ರೋಮನ್ ಕಾಣಿಸಿಕೊಳ್ಳುತ್ತಾರೆ, ಮೂವರೂ ಅವನ ಅಳಿಯಂದಿರು. ಹೆಸರನ್ನು ಗುಮಾಸ್ತರು ಹೈಡ್, ಹೈಟ್, ಜೂಸ್ಟ್, ಜಸ್ಟ್ ಎಂದು ಕಿವಿಗೆ ಬಿದ್ದಂತೆ ಬರೆದರೂ ಈ ನೆರೆಹೊರೆ ಬದಲಾಗುವುದಿಲ್ಲ. ವಲಸೆ ಹೋದದ್ದು ಒಬ್ಬ ಮನುಷ್ಯನಲ್ಲ, ಬೀಗರು ಬಿಜ್ಜರ ಒಂದು ಬಳಗ. ಒಂದೇ ಹೆಸರಿನ ಇಬ್ಬರಲ್ಲಿ ನಮ್ಮವನು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವುದೂ ಈ ಬಳಗವೇ ಎಂಬುದು, ಭೂ ದಾಖಲೆಗಳನ್ನು ನಂಬಿ ಹುಡುಕುವವರಿಗೆ ನಾನು ಒತ್ತಿ ಹೇಳಬಯಸುವ ಮಾತು.

ಕುಟುಂಬ ಕದಲದೆ ಇದ್ದರೂ ಕೌಂಟಿ ಎಂಬ ಆಡಳಿತ ವಿಭಾಗದ ಗಡಿಗಳು ಕದಲುತ್ತಿದ್ದವು. ಒಪೆಕನ್ ಹೊಳೆಯ ಪ್ರದೇಶ ಮೊದಲು ಸ್ಪಾಟ್ಸಿಲ್ವೇನಿಯಾ ಕೌಂಟಿಗೆ ಸೇರಿತ್ತು, 1734ರಲ್ಲಿ ಆರೆಂಜ್ ಕೌಂಟಿಗೆ ಬಂತು. ಫ್ರೆಡ್ರಿಕ್ ಕೌಂಟಿಯನ್ನು 1738ರಲ್ಲಿ ಕಾನೂನಿನ ಮೂಲಕ ರಚಿಸಿದರೂ ಅದರ ನ್ಯಾಯಾಲಯ ಕೂತದ್ದು 1743ರಲ್ಲಿ. ಹೀಗಾಗಿ ಒಂದೇ ತೋಟದ ಕಾಗದಗಳನ್ನು ಬೇರೆ ಬೇರೆ ಊರುಗಳಲ್ಲಿ ಹುಡುಕಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬಂದದ್ದು ಲಾರ್ಡ್ ಫೇರ್‌ಫ್ಯಾಕ್ಸ್‌ನಿಂದ. ಪೊಟೋಮ್ಯಾಕ್ ಮತ್ತು ರಪಹ್ಯಾನಕ್ ನದಿಗಳ ನಡುವಿನ ನೆಲವೆಲ್ಲ, ಆ ನದಿಗಳ ಮೂಲದವರೆಗೂ, ರಾಜಮನೆತನ ಹದಿನೇಳನೆಯ ಶತಮಾನದಲ್ಲಿ ಕೊಟ್ಟ ದಾನದಿಂದ ತನ್ನ ವಂಶಕ್ಕೆ ಬಂದಿದೆ ಎಂಬುದು ಅವನ ವಾದ. ಹಾಗೆ ಲೆಕ್ಕ ಹಾಕಿದರೆ ಅದು ಐವತ್ತು ಲಕ್ಷ ಎಕರೆಗೂ ಮಿಗಿಲು. ಹೈಟ್ ಬಳಗದ ನೆಲವೂ ಅದರೊಳಗೇ ಬರುತ್ತಿತ್ತು. 1736ರಲ್ಲಿ ಆತ ತಕರಾರು ಹೂಡಿ ಹೊಸ ಹಕ್ಕುಪತ್ರಗಳನ್ನು ತಡೆಹಿಡಿಸಿದ. 1745ರಲ್ಲಿ ರಾಜನ ಸಲಹಾ ಮಂಡಳಿಯಾದ ಲಂಡನ್‌ನ ಪ್ರಿವಿ ಕೌನ್ಸಿಲ್ ಅವನ ಗಡಿಯನ್ನು ಎತ್ತಿಹಿಡಿದರೂ, ರಾಜನ ಸರ್ಕಾರ ಈಗಾಗಲೇ ಕೊಟ್ಟ ಭೂಮಿಯನ್ನು ಮಾನ್ಯ ಮಾಡಬೇಕೆಂಬ ಷರತ್ತು ಹಾಕಿತು. ಹೈಟ್‌ನದು ಬರಿಯ ಆದೇಶ, ಹಕ್ಕುಪತ್ರವಲ್ಲ. ಮೇಲಾಗಿ ಒಳ್ಳೆಯ ಹೊಳೆದಂಡೆಯನ್ನಷ್ಟೇ ಆರಿಸಿ ಅಡ್ಡಾದಿಡ್ಡಿಯಾಗಿ ಅಳೆಸಿಕೊಂಡಿದ್ದಾನೆ ಎಂದು ಫೇರ್‌ಫ್ಯಾಕ್ಸ್ ಆಕ್ಷೇಪಿಸಿದ. ಹೈಟ್‌ನಿಂದ ಕೊಂಡವರಲ್ಲಿ ಕೆಲವರು ಅದೇ ನೆಲಕ್ಕೆ ಫೇರ್‌ಫ್ಯಾಕ್ಸ್‌ನಿಂದ ಮತ್ತೊಮ್ಮೆ ಪತ್ರ ಮಾಡಿಸಿಕೊಳ್ಳಬೇಕಾಯಿತು. ಇಂದು ರಿಚ್ಮಂಡ್‌ನ ಗ್ರಂಥಾಲಯದಲ್ಲಿ ರಾಜಸರ್ಕಾರದ ಹಕ್ಕುಪತ್ರಗಳಿಗೊಂದು, ಫೇರ್‌ಫ್ಯಾಕ್ಸ್‌ನ ಆಡಳಿತದ ಪತ್ರಗಳಿಗೊಂದು, ಹೀಗೆ ಎರಡು ಪುಸ್ತಕಮಾಲೆಗಳಿವೆ. ಎರಡನ್ನೂ ನೋಡದಿದ್ದರೆ ಒಂದು ಕುಟುಂಬ ಹತ್ತು ವರ್ಷ ತಡವಾಗಿ ಬಂದಂತೆ ಕಂಡೀತು.

1749ರಲ್ಲಿ ಹೈಟ್ ಮತ್ತು ಪಾಲುದಾರರು ವಿಲಿಯಮ್ಸ್‌ಬರ್ಗ್‌ನ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಮೂವತ್ತಾರು ವರ್ಷಕ್ಕೂ ಮಿಕ್ಕಿ ನಡೆಯಿತು. ಯೋಸ್ಟ್ 1760ರ ಆಸುಪಾಸಿನಲ್ಲೂ ಫೇರ್‌ಫ್ಯಾಕ್ಸ್ 1781ರಲ್ಲೂ ತೀರಿಕೊಂಡರು, ನಡುವೆ ಒಂದು ದೇಶವೇ ಸ್ವತಂತ್ರವಾಯಿತು. 1771ರಲ್ಲಿ ತೀರ್ಪು ಹೈಟ್ ಕಡೆಗೆ ಬಂದು ಮೇಲ್ಮನವಿಗೆ ಹೋಗಿತ್ತು. 1786ರಲ್ಲಿ ವರ್ಜೀನಿಯಾದ ಮೇಲ್ಮನವಿ ನ್ಯಾಯಾಲಯವೂ ಹೈಟ್ ವಾರಸುದಾರರನ್ನೇ ಎತ್ತಿಹಿಡಿಯಿತು. ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್ ಆಗ ಎದುರು ಪಕ್ಷದ ವಕೀಲನಾಗಿದ್ದ. ಕುಟುಂಬಕ್ಕೆ ಇದು ಎರಡು ತಲೆಮಾರಿನ ಯಾತನೆ, ಇತಿಹಾಸಕ್ಕೆ ಮಾತ್ರ ಬಹುದೊಡ್ಡ ಲಾಭ. ಯಾರು ಯಾವಾಗ ಬಂದರು, ಯಾರಿಂದ ಕೊಂಡರು, ಎಲ್ಲಿ ಅಳತೆಯಾಯಿತು ಎಂಬ ಸಾಕ್ಷಿಗಳ ಹೇಳಿಕೆಗಳೆಲ್ಲ ಬರಹಕ್ಕೆ ಇಳಿದದ್ದು ವ್ಯಾಜ್ಯವಿದ್ದುದರಿಂದ. ಮೇಲ್ಮನವಿಗಾಗಿ ಸಿದ್ಧಪಡಿಸಿದ ದಾಖಲೆಗಳ ಪ್ರತಿ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇಷ್ಟೆಲ್ಲ ಕಾಗದಗಳಲ್ಲಿ ಆ ನೆಲದ ಮೊದಲ ಜನರಿಗೆ ಜಾಗವಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1722ರ ಆಲ್ಬನಿ ಒಪ್ಪಂದದಲ್ಲಿ ಇರಾಕ್ವಾ ಒಕ್ಕೂಟದವರು ಬ್ಲೂ ರಿಜ್ ಪರ್ವತಗಳನ್ನು ಗಡಿಯೆಂದು ಒಪ್ಪಿದ್ದರು. ಆ ಗಡಿಯಾಚೆಯ ಕಣಿವೆಯ ಮೇಲಿನ ತಮ್ಮ ಹಕ್ಕನ್ನು 200 ಪೌಂಡ್ ಮೌಲ್ಯದ ಸರಕು ಮತ್ತು 200 ಪೌಂಡ್ ಚಿನ್ನಕ್ಕೆ ಬಿಟ್ಟುಕೊಟ್ಟದ್ದು 1744ರ ಲ್ಯಾಂಕಾಸ್ಟರ್ ಒಪ್ಪಂದದಲ್ಲಿ. ಹೈಟ್ ಬಳಗ ಅಲ್ಲಿ ಉಳುಮೆ ಆರಂಭಿಸಿ ಆಗಲೇ ಹನ್ನೆರಡು ವರ್ಷ ಕಳೆದಿತ್ತು. ಮೊಮ್ಮಗ ಐಸಾಕ್ ಹೈಟ್, ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್‌ನ ತಂಗಿ ನೆಲ್ಲಿಯನ್ನು ಮದುವೆಯಾಗಿ 1797ರಲ್ಲಿ ಪೂರ್ಣಗೊಳಿಸಿದ ಬೆಲ್ ಗ್ರೋವ್ ಎಂಬ ಸುಣ್ಣಗಲ್ಲಿನ ಭವನ ಇಂದಿಗೂ ನಿಂತಿದೆ. ಆ ಎಸ್ಟೇಟು ನಡೆದದ್ದು ಗುಲಾಮರ ದುಡಿಮೆಯಿಂದ. ಅವರ ಹೆಸರುಗಳನ್ನು ಕ್ರಯಪತ್ರಗಳಲ್ಲಿಯೂ ಉಯಿಲುಗಳಲ್ಲಿಯೂ ಹುಡುಕಬೇಕು, ಮಾಲೀಕರಾಗಿ ಅಲ್ಲ, ಆಸ್ತಿಯಾಗಿ.

ಕಣಿವೆಯ ವ್ಯಾಜ್ಯ ಮುಗಿಯುವ ಮೊದಲೇ ಬಳಗದ ಮುಂದಿನ ತಲೆಮಾರು ಪಶ್ಚಿಮಕ್ಕೆ ಹೊರಟಿತ್ತು. ಯೋಸ್ಟ್‌ನ ಮೊಮ್ಮಕ್ಕಳಾದ ಬೌಮನ್ ಸಹೋದರರೂ ಹೈಟ್‌ಗಳೂ 1770ರ ದಶಕದಲ್ಲಿ ಕೆಂಟಕಿಯಲ್ಲಿ ಭೂಮಿ ಗುರುತಿಸಿಕೊಂಡರು. 1779ರ ವರ್ಜೀನಿಯಾದ ಭೂಕಾನೂನು, ಮೊದಲೇ ನೆಲೆಸಿದವರಿಗೆ 400 ಎಕರೆಯನ್ನೂ ಅದಕ್ಕೆ ಹೊಂದಿಕೊಂಡ 1,000 ಎಕರೆಯನ್ನು ಕೊಳ್ಳುವ ಮೊದಲ ಅವಕಾಶವನ್ನೂ ಕೊಟ್ಟಿತು. ಅದಕ್ಕಾಗಿ ಎಂದು ಬಂದೆ, ಎಲ್ಲಿ ಗುಡಿಸಲು ಹಾಕಿದೆ, ಯಾವ ಬೆಳೆ ತೆಗೆದೆ ಎಂದು ಆಯುಕ್ತರ ಮುಂದೆ ಸಾಬೀತುಪಡಿಸಬೇಕಿತ್ತು. ಹೀಗೆ ದೊರೆತ ಪ್ರಮಾಣಪತ್ರಗಳ ದಾಖಲೆ ಈಗ ಕೆಂಟಕಿ ರಾಜ್ಯದ ಭೂಕಚೇರಿಯಲ್ಲಿದೆ, ಮತ್ತು ಬೋನ್‌ಫೆಲ್ಡ್‌ನಿಂದ ಹೊರಟ ಕುಟುಂಬದ ಮೂರನೆಯ ತಲೆಮಾರನ್ನು ಹುಡುಕುವವರು ಆರಂಭಿಸಬೇಕಾದದ್ದು ಅಲ್ಲಿಂದಲೇ.