ಚಳಿಗೆ ಯೀಸ್ಟ್ ಸಾಯುತ್ತದೆಯೇ?

ಪ್ರಶ್ನೆ: ಮಡಿಕೇರಿಯ ಮಳೆಗಾಲದಲ್ಲಿ ಬ್ರೆಡ್ಡಿನ ಹಿಟ್ಟು ಒಂದು ಗಂಟೆಯಾದರೂ ಉಬ್ಬುವುದಿಲ್ಲ. ಚಳಿಗೆ ಯೀಸ್ಟ್ ಸತ್ತಿರಬಹುದೇ? ಎರಡು ಪಟ್ಟು ಹಾಕಲೇ?

ಉತ್ತರ: ಸತ್ತಿಲ್ಲ. ಎರಡು ಪಟ್ಟು ಹಾಕಲೂಬೇಡಿ. ಜೂನ್ ಬಂತೆಂದರೆ ನಮ್ಮ ಬ್ರೆಡ್ ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಗೋಡೆಗೆ ಅಂಟಿಸಿದ್ದೇನೆ. ಅದರ ಕೆಳಗೇ ನಿಂತು ಕೇಳುತ್ತಾರೆ.

ಚಳಿಗೆ ಸಾಯುವುದಾದರೆ, ಒಡೆದ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಿ ಎಂದು ಯೀಸ್ಟ್ ತಯಾರಿಸುವವರೇ ಏಕೆ ಹೇಳುತ್ತಾರೆ? ನಾದಿದ ಹಿಟ್ಟನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬೇಯಿಸುವವರ ಬ್ರೆಡ್ ಹೇಗೆ ಉಬ್ಬುತ್ತದೆ? ಚಳಿಯಲ್ಲಿ ಯೀಸ್ಟ್ ಜಡವಾಗುತ್ತದೆ, ಅಷ್ಟೇ. ಅದನ್ನು ಕೊಲ್ಲುವುದು ಬಿಸಿ: 55–60 ಡಿಗ್ರಿ ಮುಟ್ಟಿದರೆ ಅದರ ಕಥೆ ಮುಗಿಯಿತು. ಚಳಿಗೆ ಹೆದರಿ, ಕಾಫಿಗೆಂದು ಕಾಯಿಸಿದ ನೀರನ್ನೇ ಯೀಸ್ಟಿಗೆ ಸುರಿದು, ಹಿಟ್ಟು ಅಲುಗಾಡದಿದ್ದಾಗ ಮಳೆಯನ್ನು ಬೈಯುವವರೇ ಹೆಚ್ಚು! ನೀರಿಗೆ ಕಿರುಬೆರಳು ಅದ್ದಿದರೆ ಉಗುರುಬೆಚ್ಚಗಿರಬೇಕು, ಚುರುಕ್ ಎನ್ನಬಾರದು.

ಇನ್ನು ಆ 'ಒಂದು ಗಂಟೆ'. ಅದು ಸೆಕೆಯ ಅಡುಗೆಮನೆಯ ಲೆಕ್ಕ. ಏಪ್ರಿಲ್‌ನಲ್ಲಿ ಕುಶಾಲನಗರದವರಿಗೆ ಸರಿಹೋದೀತು. ಜುಲೈನಲ್ಲಿ ಮಡಿಕೇರಿಯ ಅಡುಗೆಮನೆ 18 ಡಿಗ್ರಿಯಲ್ಲಿರುವಾಗ ಎರಡೂವರೆ, ಮೂರು ಗಂಟೆ ಹಿಡಿಯುವುದು ಸಹಜ. ಹಿಟ್ಟು ದುಪ್ಪಟ್ಟಾಗುವ ತನಕ ಕಾಯಲೇಬೇಕು. ಅಚ್ಚಿಗೆ ಹಾಕಿದ ಮೇಲೆ ಬೆರಳಿಗೆ ಒಣಹಿಟ್ಟು ಸವರಿ ಮೆಲ್ಲಗೆ ಒತ್ತಿ. ಗುಳಿ ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು; ನಿಧಾನವಾಗಿ ಅರ್ಧ ಮೇಲೆದ್ದರೆ ಓವನ್ನಿಗೆ ಇಡಿ; ಹಾಗೆಯೇ ಉಳಿದರೆ ಹೊತ್ತು ಮೀರಿದೆ. ಅವಸರವೆಂದರೆ ಓವನ್ ಕಾಯಿಸದೆ, ಅದರ ದೀಪ ಮಾತ್ರ ಹಚ್ಚಿ ಒಳಗಿಡಿ.

ಅಳತೆ ಹಳೆಯದೇ: ಅರ್ಧ ಕಿಲೋ ಮೈದಾಕ್ಕೆ 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 10 ಗ್ರಾಂ ಉಪ್ಪು, 325 ಮಿಲಿಲೀಟರ್ ನೀರು. ಮಳೆಗಾಲದಲ್ಲಿ ಮೈದಾವೇ ತೇವ ಹೀರಿಕೊಂಡಿರುತ್ತದೆ, ಎರಡು ಚಮಚ ನೀರು ಹಿಂದಿಟ್ಟುಕೊಳ್ಳಿ. ಯೀಸ್ಟ್ ಇಮ್ಮಡಿಯಾದರೆ ಬ್ರೆಡ್ಡಿಗೆ ಅದರದೇ ವಾಸನೆ ಹತ್ತುತ್ತದೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಬೈನೆ ಕಳ್ಳಿನಿಂದಲೂ ಬ್ರೆಡ್ ಮಾಡಬಹುದು. ಗೋವಾದಲ್ಲಿ ಹಿಂದೆ ಪಾವ್ ಉಬ್ಬುತ್ತಿದ್ದುದು ಕಳ್ಳಿನಿಂದಲೇ. ಅದರಲ್ಲಿರುವುದೂ ಯೀಸ್ಟೇ, ಯಾರೂ ಹಾಕದೆ ತಾನಾಗಿ ಸೇರಿಕೊಂಡದ್ದು. ಆದರೆ ಬೆಳಗಿನ ಕಳ್ಳಿನ ಕಸುವು ಒಂದು, ಸಂಜೆಯದು ಇನ್ನೊಂದು. ಗ್ರಾಂ ಲೆಕ್ಕ ನಡೆಯುವುದಿಲ್ಲ. ಇಳಿಸಿದ ದಿನವೇ, ನೊರೆಯಿರುವಾಗ, ನೀರಿನ ಬದಲು ಅದನ್ನೇ ಹಾಕಿ ನಾದಿ. ಹುಳಿ ಏರಿದ ಕಳ್ಳು ಬ್ರೆಡ್ಡಿಗೆ ಬೇಡ.